ಹಾಸನಕ್ಕೂ ಬಂತು ಧಗೆ: ಎಸಿ ಇಲ್ಲದ ಮನೆಗೆ ರಾತ್ರಿಯ ತಂಪೇ ಆಸರೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಸೆಖೆಯ ಬಗ್ಗೆಯೇ ಇವೆ. ಅವುಗಳಲ್ಲಿ ಐದನ್ನು ಆಯ್ದು ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಭಾವ ರಾಯಚೂರಿನಲ್ಲಿ ನೌಕರಿಯಲ್ಲಿದ್ದಾರೆ. “36 ಡಿಗ್ರಿಗೆಲ್ಲ ಇಷ್ಟು ಒದ್ದಾಡ್ತೀರಲ್ಲ, ನಮ್ಮಲ್ಲಿ 42 ಆದ್ರೂ ಜನ ಕೆಲಸ ಮಾಡ್ತಾರೆ” ಅಂತಾರೆ. ನಾವು ಅತಿ ಮಾಡ್ತಿದ್ದೀವಾ ಡಾಕ್ಟ್ರೇ? (ಹಾಸನ)

ಇಲ್ಲ, ಅತಿ ಮಾಡ್ತಿಲ್ಲ. ಬಿಸಿಲಿಗೆ ಹೊಂದಿಕೊಳ್ಳಲು ದೇಹಕ್ಕೆ ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಬರಲು ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಹೃದಯಕ್ಕೆ ಶ್ರಮ ಇಳಿಯುತ್ತದೆ. ರಾಯಚೂರಿನವರ ದೇಹ ಫೆಬ್ರವರಿಯಿಂದಲೇ ಇದನ್ನು ಕಲಿತುಕೊಂಡು ಬಂದಿರುತ್ತದೆ. ನಮ್ಮದು ಹೆಚ್ಚುಕಡಿಮೆ ಸಾವಿರ ಮೀಟರ್ ಎತ್ತರದ ಊರು. ಇಲ್ಲಿ ಬಿಸಿಲು ಒಮ್ಮೆಲೇ ಏರಿದರೆ ದೇಹಕ್ಕೆ ಕಲಿಯುವಷ್ಟು ಪುರಸೊತ್ತು ಸಿಗುವುದಿಲ್ಲ. ಜೊತೆಗೆ ಅಲ್ಲಿಯವರ ದಿನಚರಿಯೇ ಬೇರೆ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ನಾವು ಉರಿಬಿಸಿಲಿನ 2 ಗಂಟೆಗೂ ಮಾಮೂಲಿನಂತೆ ಗದ್ದೆಯಲ್ಲಿ, ಗಾರೆ ಕೆಲಸದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇವೆ.

ಹವಾಮಾನ ಇಲಾಖೆಯೂ ಎಲ್ಲ ಊರನ್ನೂ ಒಂದೇ ಸೇರಿನಲ್ಲಿ ಅಳೆಯುವುದಿಲ್ಲ. ಬಿಸಿಗಾಳಿ ಎಂದು ಘೋಷಿಸಲು ಬಯಲು ಪ್ರದೇಶದಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಗುಡ್ಡಗಾಡಿನಲ್ಲಿ ಮಿತಿ 30 ಡಿಗ್ರಿ ಮಾತ್ರ. ಅದರ ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದೆಯೇ ಎಂದು ನೋಡುತ್ತಾರೆ. ‘ಬಡವರ ಊಟಿ’ ಎಂದು ಕರೆಸಿಕೊಂಡ ಊರಲ್ಲಿ ಬಿಸಿಲು ಏನು ಮಾಡೀತು ಎಂಬ ಉದಾಸೀನವೇ ಪ್ರತಿ ಬೇಸಿಗೆಯಲ್ಲಿ ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು.

ಆದರೆ ರಾಯಚೂರಿಗೆ ಇಲ್ಲದ ಒಂದು ಭಾಗ್ಯ ನಮಗಿದೆ. ಇಲ್ಲಿ ಹಗಲು ಎಷ್ಟೇ ಕಾದರೂ ಹೊತ್ತು ಮುಳುಗಿದ ಮೇಲೆ ಗಾಳಿ ತಣ್ಣಗಾಗುತ್ತದೆ, ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳುವ ಹಾಗಿರುತ್ತದೆ. ಆ ತಂಪನ್ನು ಮನೆಯೊಳಗೆ ತುಂಬಿಕೊಂಡು ಮಧ್ಯಾಹ್ನದವರೆಗೆ ಕಾಪಾಡಿಕೊಂಡರೆ ನಮ್ಮಲ್ಲಿ ಬಹುತೇಕರಿಗೆ ಎಸಿ ಬೇಕಾಗುವುದಿಲ್ಲ.

ಪ್ರಶ್ನೆ: ನಮ್ಮದು ಮೊದಲನೇ ಮಹಡಿಯ ಆರ್‌ಸಿಸಿ ಮನೆ. ಹಗಲಿಗಿಂತ ರಾತ್ರಿಯೇ ಕಷ್ಟ. ಹೊರಗೆ ತಂಪಿದ್ದರೂ ಒಳಗೆ ಬೇಯುತ್ತೇವೆ. ಕೂಲರ್ ತಂದೆವು, ಮೈಯೆಲ್ಲ ಅಂಟಂಟು. ಎಸಿ ಹಾಕಿಸದೆ ವಿಧಿಯಿಲ್ಲವೇ? (ಹಾಸನ)

ಇವತ್ತು ರಾತ್ರಿ 9 ಗಂಟೆಗೆ ನಿಮ್ಮ ಮನೆಯ ಪಡುವಣ ಗೋಡೆಗೆ ಒಳಗಿನಿಂದ ಅಂಗೈ ಒತ್ತಿ ನೋಡಿ. ಆಮೇಲೆ ಮೂಡಣ ಗೋಡೆಗೆ ಒತ್ತಿ. ಹೋದ ವರ್ಷ ಮಲಗಲಾರದೆ ಒದ್ದಾಡುತ್ತಿದ್ದ ಒಬ್ಬ ಹಿರಿಯರ ಮನೆಗೆ ಹೋಗಿದ್ದಾಗ ನಾನೂ ಹಾಗೆ ಕೈಯಿಟ್ಟು ನೋಡಿದ್ದೆ. ಮೂಡಣ ಗೋಡೆ ತಣ್ಣಗಿತ್ತು. ಪಡುವಣ ಗೋಡೆ ಮಾತ್ರ ಜ್ವರ ಬಂದವರ ಹಣೆಯ ಹಾಗೆ ಕಾದಿತ್ತು, ಅವರ ಮಂಚ ಅದಕ್ಕೇ ಆನಿಸಿಕೊಂಡಿತ್ತು. ಮಂಚವನ್ನು ಎದುರು ಬದಿಗೆ ಸರಿಸಿದ್ದೇ ಆ ರಾತ್ರಿಯ ಚಿಕಿತ್ಸೆ.

ಕಾಂಕ್ರೀಟು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೇ ಆರುತ್ತದೆ. ಹಗಲೆಲ್ಲ ಹೀರಿಕೊಂಡ ಕಾವನ್ನು ಅದು ನಿಮ್ಮ ಮೇಲೆ ಬಿಡುವುದು ರಾತ್ರಿಯಲ್ಲೇ. ಹಾಗಾಗಿ ಮೊದಲ ಕೆಲಸ ಸೂರಿಗೆ ಬಿಸಿಲು ತಾಗದಂತೆ ನೋಡಿಕೊಳ್ಳುವುದು. ತಾರಸಿಯನ್ನು ಗುಡಿಸಿ ತೊಳೆದು ದಪ್ಪಗೆ ಎರಡು ಮೂರು ಕೈ ಬಿಳಿಸುಣ್ಣ ಹೊಡೆಯಿರಿ. ಮಳೆಗಾಲದಲ್ಲಿ ಅದು ತೊಳೆದು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಹೊಡೆದರಾಯಿತು. ಬಿಳಿಯ ಕೂಲ್ ರೂಫ್ ಪೇಂಟ್ ಹೆಚ್ಚು ಕಾಲ ಬಾಳುತ್ತದೆ, ಅದಕ್ಕೆ ತಕ್ಕ ಬೆಲೆಯೂ ಇದೆ. ನರ್ಸರಿಗಳಲ್ಲಿ ಕಟ್ಟುವ ಹಸಿರು ಶೇಡ್ ನೆಟ್ ಸಿಕ್ಕರೆ ತಾರಸಿಗೆ ಅಂಟಿಸಬೇಡಿ, ಒಂದೆರಡು ಅಡಿ ಮೇಲಕ್ಕೆ ಕಟ್ಟಿ, ನಡುವೆ ಗಾಳಿ ಆಡಲಿ. ಕಿಟಕಿಗೂ ಇದೇ ನ್ಯಾಯ. ಒಳಗಿನ ಪರದೆಗೆ ತಾಗುವ ಬಿಸಿಲು ಗಾಜು ದಾಟಿ ಆಗಲೇ ಒಳಗೆ ಬಂದಿರುತ್ತದೆ. ನೆರಳು ಹೊರಗೇ ಬೀಳಬೇಕು. ಚಾಪೆ, ಗೋಣಿತಟ್ಟು, ಬಿದಿರಿನ ತಟ್ಟಿ ಯಾವುದಾದರೂ ಸರಿ, ಪಡುವಣ ಕಿಟಕಿಯ ಹೊರಗೆ ಇಳಿಬಿಡಿ.

ಕಿಟಕಿಗಳನ್ನು ಬೆಳಗ್ಗೆ 8, 8.30ರೊಳಗೆ ಮುಚ್ಚಿ. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲೆಯೇ ತೆರೆಯಿರಿ, ಸಾಮಾನ್ಯವಾಗಿ ದೀಪ ಹಚ್ಚುವ ಹೊತ್ತು ದಾಟಿರುತ್ತದೆ. ಆಮೇಲೆ ಇಡೀ ರಾತ್ರಿ ಎದುರುಬದುರು ಕಿಟಕಿಗಳು ತೆರೆದೇ ಇರಲಿ. ಸೊಳ್ಳೆಯ ಭಯಕ್ಕೆ ನಾವು ಸಂಜೆ 6ಕ್ಕೆ ಕಿಟಕಿ ಮುಚ್ಚಿ ಬೆಳಗ್ಗೆ ತೆರೆಯುತ್ತೇವೆ, ಅಂದರೆ ತಂಪನ್ನು ಹೊರಗೆ ನಿಲ್ಲಿಸಿ ಕಾವನ್ನು ಒಳಗೆ ಕರೆಯುತ್ತೇವೆ. ಎಸಿಗೆ ಇಟ್ಟ ಹಣದಲ್ಲಿ ಒಂದಿಷ್ಟನ್ನು ಎಲ್ಲ ಕಿಟಕಿಗೂ ಸೊಳ್ಳೆ ಮೆಶ್ ಹಾಕಿಸಲು ಬಳಸಿ. ಟೇಬಲ್ ಫ್ಯಾನ್ ಇದ್ದರೆ ರಾತ್ರಿ ಒಂದು ಗಂಟೆ ಕಾಲ ಕಿಟಕಿಯ ಹತ್ತಿರ ಹೊರಕ್ಕೆ ಮುಖಮಾಡಿ ಇಡಿ. ಒಳಗಿನ ಬಿಸಿಗಾಳಿ ಹೊರಟಂತೆ ಎದುರು ಕಿಟಕಿಯಿಂದ ತಂಗಾಳಿ ನುಗ್ಗುತ್ತದೆ.

ಕೂಲರ್ ತಪ್ಪು ಆಯ್ಕೆಯೇನಲ್ಲ, ಬಹುಶಃ ಇಟ್ಟ ಜಾಗ ತಪ್ಪಿರಬೇಕು. ನೀರು ಆವಿಯಾದಾಗ ಗಾಳಿ ತಣಿಯುತ್ತದೆ, ಗಾಳಿ ಒಣಗಿದ್ದರೆ ಮಾತ್ರ ನೀರು ಸಲೀಸಾಗಿ ಆವಿಯಾಗುತ್ತದೆ. ಮುಚ್ಚಿದ ಕೋಣೆಯ ಮಧ್ಯೆ ಇಟ್ಟರೆ ಅರ್ಧ ಗಂಟೆಯಲ್ಲಿ ಕೋಣೆಯೇ ಬಚ್ಚಲುಮನೆ. ಅದರ ಬೆನ್ನು ತೆರೆದ ಕಿಟಕಿಗಿರಲಿ, ಎದುರಿನ ಬಾಗಿಲೂ ತೆರೆದಿರಲಿ. ಮೋಡ ಕಟ್ಟಿ ಮೈ ಬೆವರುವ ದಿನ ಅದರಿಂದ ಪ್ರಯೋಜನವಿಲ್ಲ, ಫ್ಯಾನ್ ಸಾಕು. ವಾರಕ್ಕೊಮ್ಮೆ ತೊಟ್ಟಿಯ ನೀರು ಚೆಲ್ಲಿ ಉಜ್ಜಿ ಒಣಗಿಸಿ, ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ.

ಪ್ರಶ್ನೆ: ಸಿಮೆಂಟ್ ಶೀಟಿನ ಬಾಡಿಗೆ ಮನೆ. ಅತ್ತೆಗೆ 74 ವರ್ಷ, ಬಿಪಿ, ಶುಗರ್ ಎರಡೂ ಇದೆ, ಇನ್ಸುಲಿನ್ ತಗೋತಾರೆ. ನಾನು ಗಾರ್ಮೆಂಟ್ಸ್‌ಗೆ ಹೋದ ಮೇಲೆ ಒಬ್ಬರೇ ಇರ್ತಾರೆ. ನೀರು ಕುಡೀರಿ ಅಂದ್ರೆ ಬಾಯಾರಿಕೆ ಇಲ್ಲ ಅಂತಾರೆ. ಕರೆಂಟೂ ಹೋಗ್ತಿರುತ್ತೆ. (ಅರಸೀಕೆರೆ)

ತಾಯಿ, ಈ ಕಂತೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನಿಮ್ಮ ಪತ್ರ. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆಯಾಗುತ್ತದೆ, ಬೆವರೂ ಕಡಿಮೆ. ನಿಮ್ಮ ಅತ್ತೆ ಹಟ ಮಾಡುತ್ತಿಲ್ಲ, ಅವರಿಗೆ ನಿಜಕ್ಕೂ ಬಾಯಾರುತ್ತಿಲ್ಲ. ಆದ್ದರಿಂದ ಬಾಯಾರಿಕೆಯನ್ನು ಕಾಯದೆ ಗಡಿಯಾರ ನೋಡಿ ಕುಡಿಯುವ ರೂಢಿ ಮಾಡಿಸಿ. ಹೊರಡುವ ಮುಂಚೆ ಒಂದು ಚೊಂಬು ನೀರುಮಜ್ಜಿಗೆ, ಒಂದು ಚೊಂಬು ನೀರು ಕೈಗೆಟಕುವಲ್ಲಿಡಿ, ಮಧ್ಯಾಹ್ನದೊಳಗೆ ಖಾಲಿಯಾಗಬೇಕು ಎಂದು ಹೇಳಿ. ಶುಗರ್ ಇರುವುದರಿಂದ ಪಾನಕ, ಜ್ಯೂಸು ಬೇಡ. ಮಜ್ಜಿಗೆ, ತೆಳ್ಳನೆಯ ರಾಗಿ ಅಂಬಲಿ, ಸೌತೆಕಾಯಿ ಒಳ್ಳೆಯದು. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದರ್ಥ. ಇಷ್ಟೇ ನೀರು ಕುಡಿಯಬೇಕೆಂದು ಹೃದಯಕ್ಕೋ ಕಿಡ್ನಿಗೋ ಡಾಕ್ಟರು ಮಿತಿ ಹಾಕಿದ್ದರೆ ಮಾತ್ರ ಅವರನ್ನೇ ಕೇಳಿ. ಕಿಡ್ನಿ ತೊಂದರೆ ಇರುವವರು ಎಳನೀರನ್ನೂ ಕೇಳಿಯೇ ಕುಡಿಯಬೇಕು, ಅದರಲ್ಲಿ ಪೊಟ್ಯಾಸಿಯಂ ಬಹಳ.

ಬಿಪಿ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ ಇದೆಯೇ ಎಂದು ಔಷಧಿ ಚೀಟಿ ತೋರಿಸಿ ಕೇಳಿ. ಬೆವರಿನ ಜೊತೆ ಅದೂ ಸೇರಿದರೆ ಬಿಪಿ ತೀರಾ ಇಳಿದು, ಎದ್ದು ನಿಂತಾಗ ತಲೆ ಸುತ್ತಿ ಬೀಳುವ ಅಪಾಯವಿದೆ. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ. ಬೇಸಿಗೆಯಲ್ಲೊಮ್ಮೆ ಬಿಪಿ ನೋಡಿಸಿ, ಡೋಸ್ ಕಡಿಮೆ ಮಾಡಬೇಕೇ ಎಂದು ಕೇಳಿ.

ಇನ್ಸುಲಿನ್ ವಿಚಾರ. ಇನ್ನೂ ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಟ್ಟುಕೊಳ್ಳುತ್ತದೆ. ಬಳಸುತ್ತಿರುವ ಬಾಟಲಿ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ನಾಲ್ಕು ವಾರ ಇರಬಲ್ಲದು, ಆದರೆ ಶೀಟಿನ ಮನೆಯಲ್ಲಿ ಮಧ್ಯಾಹ್ನ 30 ಎಲ್ಲಿ ಉಳಿಯುತ್ತದೆ? ಒಂದು ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು ನಡುವಿನ ಸಂದಿಗೆ ಮರಳು ತುಂಬಿ. ಬೆಳಗ್ಗೆ, ಸಂಜೆ ಮರಳಿಗೆ ನೀರು ಹನಿಸಿ. ಬಾಟಲಿಯನ್ನು ನೀರು ತಾಗದಂತೆ ಸಣ್ಣ ಡಬ್ಬಿಗೆ ಹಾಕಿ ಒಳಮಡಕೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ. ನೆರಳಿನಲ್ಲಿ, ಗಾಳಿಯಾಡುವಲ್ಲಿ ಇರಲಿ. ಐಸಿಗೆ ತಾಗಿಸಿಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ.

ಇನ್ನು ಮನೆ. ಶೀಟು ಬೇಗ ಕಾದು ಬೇಗ ಆರುತ್ತದೆ, ರಾತ್ರಿ ನಿಮಗೆ ಅಷ್ಟು ತೊಂದರೆಯಿಲ್ಲ. ಕಷ್ಟವೆಲ್ಲ 12ರಿಂದ 4ರವರೆಗೆ. ಶೀಟಿನ ಕೆಳಗೆ ಒಂದಡಿ ಬಿಟ್ಟು ಹಳೆಯ ಕಾಟನ್ ಸೀರೆಗಳನ್ನು ಬಿಗಿಯಾಗಿ ಕಟ್ಟಿ. ಶೀಟಿನ ಝಳ ನೇರ ತಲೆಗೆ ಬಡಿಯುವುದು ನಿಲ್ಲುತ್ತದೆ. ಒಲೆಯ ಮೇಲೆ, ವೈರು ಮತ್ತು ಫ್ಯಾನಿನ ಹತ್ತಿರ ಮಾತ್ರ ಬೇಡ. ಅರಸೀಕೆರೆಯಲ್ಲಿ ತೆಂಗಿನ ಗರಿಗೆ ಬರವಿಲ್ಲ. ಮಾಲೀಕರು ಒಪ್ಪಿದರೆ ಅಡುಗೆಮನೆ ಭಾಗ ಬಿಟ್ಟು ಉಳಿದ ಶೀಟಿಗೆ ಗರಿ ಹೊದಿಸಿ. ಹಳೆಯ ಶೀಟಿನ ಮೇಲೆ ಯಾರೂ ಕಾಲಿಡಬೇಡಿ, ಶೀಟು ಮುರಿದು ಕೆಳಗೆ ಬೀಳುತ್ತೀರಿ. ಅಡುಗೆ ಬೆಳಗ್ಗೆಯೇ ಮುಗಿಯಲಿ.

ಫ್ಯಾನ್ ಬಿಸಿಗಾಳಿ ಎಸೆಯುತ್ತದೆ ಎಂದು ಆರಿಸಬೇಡಿ. ಕೋಣೆ 40 ಡಿಗ್ರಿ ದಾಟದಿದ್ದರೆ ಫ್ಯಾನ್ ಉಪಕಾರಿಯೇ. ಆದರೆ ಬೆವರದ ಮೈಗೆ ಬರೀ ಗಾಳಿ ಸಾಲದು. ತೋಳು, ಕುತ್ತಿಗೆ, ಮುಖಕ್ಕೆ ಒದ್ದೆ ಬಟ್ಟೆ ಒರೆಸಿಕೊಂಡು ಫ್ಯಾನಿನ ಮುಂದೆ ಕೂರಲಿ, ಪಾದಗಳು ಬಕೆಟ್ ನೀರಿನಲ್ಲಿರಲಿ. ಇದೆಲ್ಲಕ್ಕಿಂತ ಮೇಲಾದದ್ದು, ಆ ನಾಲ್ಕು ಗಂಟೆ ಅವರು ಆ ಮನೆಯಲ್ಲಿ ಇರದೇ ಇರುವುದು. ಹತ್ತಿರದ ಹೆಂಚಿನ ಮನೆಯ ಜಗಲಿ, ದೇವಸ್ಥಾನದ ಕಲ್ಲಿನ ಮಂಟಪ, ಹೊಂಗೆ ಮರದ ನೆರಳು ಯಾವುದಾದರೂ ಆದೀತು. ಪಕ್ಕದ ಮನೆಯವರನ್ನು ಬಾಯಿಬಿಟ್ಟು ಕೇಳಿ. ಊಟದ ಬಿಡುವಿನಲ್ಲಿ ಒಂದು ಫೋನ್ ಮಾಡಿ. ಮಾತು ಗೊಂದಲವಾಗಿದೆ ಅನಿಸಿದರೆ ಪಕ್ಕದವರಿಗೆ ತಕ್ಷಣ ಹೋಗಿ ನೋಡಲು ಹೇಳಿ.

ಪ್ರಶ್ನೆ: ನಮ್ಮ ತೋಟದಲ್ಲಿ ಕಾಯಿ ಸುಲಿಯುತ್ತಿದ್ದ ಒಬ್ಬರು ಬಿದ್ದುಬಿಟ್ಟರು. ಏನೇನೋ ಮಾತಾಡುತ್ತಿದ್ದರು. ಯಾರೋ ಕೈಗೆ ಕಬ್ಬಿಣ ಕೊಟ್ಟರು, ಯಾರೋ ನೀರು ಕುಡಿಸಲು ಹೋದರು. ದೇವರು ದೊಡ್ಡವನು, ಬದುಕಿಕೊಂಡರು. ಮುಂದೆ ಹೀಗಾದರೆ ಏನು ಮಾಡಬೇಕು? (ಕಡೂರು ತಾಲ್ಲೂಕು)

ಬಿಸಿಲಲ್ಲಿದ್ದವರು ಏನೇನೋ ಮಾತಾಡತೊಡಗಿದರೆ, ತೂರಾಡಿದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ ಎಂದೇ ತಿಳಿಯಿರಿ. ಆಗ ದೇಹದೊಳಗಿನ ಉಷ್ಣಾಂಶ 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್ ದಾಟಿರುತ್ತದೆ. ಮೈ ಒಣಗಿರಲೇಬೇಕೆಂದಿಲ್ಲ, ದುಡಿಯುತ್ತಿದ್ದವರ ಮೈ ಬೆವರಿನಲ್ಲಿ ತೊಯ್ದೂ ಇರಬಹುದು. ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಆ ಕ್ಷಣದಿಂದಲೇ ತಣಿಸಲು ಶುರುಮಾಡಿ. ಆಂಬುಲೆನ್ಸ್ ಬರಲಿ ಎಂದು ಕಾಯಬೇಡಿ, ಮೆದುಳು, ಕಿಡ್ನಿ ಉಳಿಯುವುದು ಆ ಮೊದಲ ಅರ್ಧ ಗಂಟೆಯ ಮೇಲೆ ನಿಂತಿದೆ. ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಪಂಪ್‌ಸೆಟ್ ಚಾಲೂ ಮಾಡಿ. ಪೈಪು ಬಿಸಿಲಿನಲ್ಲಿ ಬಿದ್ದಿದ್ದರೆ ಮೊದಲು ಬರುವ ನೀರು ಸುಡುತ್ತಿರುತ್ತದೆ, ಅದನ್ನು ನೆಲಕ್ಕೆ ಬಿಟ್ಟು ತಣ್ಣೀರು ಬಂದ ಮೇಲೆ ಮೈಮೇಲೆ ಹರಿಸಿ. ನಾಲ್ಕು ಜನ ಸೇರಿ ಟವೆಲ್ಲಿನಿಂದ, ಮೊರದಿಂದ ಬೀಸುತ್ತಲೇ ಇರಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ.

ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಲೇಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ. ಪ್ಯಾರಾಸಿಟಮಾಲ್ ಕೊಟ್ಟು ಪ್ರಯೋಜನವಿಲ್ಲ, ಇದು ಸೋಂಕಿನ ಜ್ವರವಲ್ಲ. ಕಬ್ಬಿಣದಿಂದಲೂ ಏನೂ ಆಗದು, ಅದನ್ನು ಹುಡುಕಲು ಹೋಗುವ ಸಮಯಕ್ಕೆ ಎರಡು ಕೊಡ ನೀರು ಸುರಿಯಬಹುದು.

ಎಚ್ಚರವಿದ್ದು ಬರೀ ಸುಸ್ತು, ತಲೆಸುತ್ತು, ಮೀನಖಂಡದ ಸೆಳೆತ ಇದ್ದರೆ ಒಆರ್‌ಎಸ್ ಕುಡಿಸಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು, ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಬಾರದು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕೆಲಸವನ್ನು ಬೆಳಗ್ಗೆ 6.30ಕ್ಕೆ ಶುರುಮಾಡಿಸಿ 11ಕ್ಕೆ ಬಿಡಿ, ಬೇಕಾದರೆ 4ರ ಮೇಲೆ ಮುಂದುವರಿಸಿ. ಬೇರೆ ಕಡೆಯಿಂದ ಹೊಸದಾಗಿ ಬಂದವರಿಗೆ ಮೊದಲ ವಾರ ಅರ್ಧ ಕೆಲಸ ಸಾಕು. ಅದಕ್ಕೆ ಕೂಲಿ ಕಡಿಯಬೇಡಿ, ದಯವಿಟ್ಟು. ಕೂಲಿ ಹೋಗುತ್ತದೆಂಬ ಭಯಕ್ಕೇ ಅವರು ಸುಸ್ತನ್ನು ಹೇಳಿಕೊಳ್ಳದೆ ಬೀಳುವವರೆಗೂ ದುಡಿಯುತ್ತಾರೆ.

ಪ್ರಶ್ನೆ: ಬಾಣಂತನಕ್ಕೆ ತವರಿಗೆ ಬಂದಿದ್ದೇನೆ. ಮಗುವಿಗೆ ಮೂರು ತಿಂಗಳು. ಸೆಖೆಗೆ ಚಮಚದಲ್ಲಿ ನೀರು ಹಾಕು ಅಂತಾರೆ ಅಮ್ಮ, ಫ್ಯಾನ್ ಮಾತ್ರ ಹಾಕಬಾರದಂತೆ. (ಚಿಕ್ಕಮಗಳೂರು)

ಎರಡೂ ಉಲ್ಟಾ ಆಗಬೇಕು. ಆರು ತಿಂಗಳವರೆಗೆ ತಾಯಿಹಾಲೇ ಮಗುವಿನ ನೀರು. ಸೆಖೆಯ ದಿನ ಪದೇ ಪದೇ ಕುಡಿಸಿ. ಫ್ಯಾನ್ ನಿಧಾನಕ್ಕೆ ತಿರುಗಲಿ, ಗಾಳಿ ನೇರ ಮುಖಕ್ಕೆ ಹೊಡೆಯದಿದ್ದರಾಯಿತು. ಉಲ್ಲನ್ ಟೋಪಿ, ಸ್ವೆಟರ್ ತೆಗೆದಿಡಿ, ತೆಳ್ಳನೆಯ ಹತ್ತಿಯ ಅಂಗಿ ಸಾಕು. ಬೆವರುಸಾಲೆ ಎದ್ದಿದ್ದರೆ ಪೌಡರ್ ಮೆತ್ತದೆ, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ ಒರೆಸಿ. ಎಂಟು ಗಂಟೆ ಮೂತ್ರ ಮಾಡದಿದ್ದರೆ, ಹಾಲು ಬಿಟ್ಟು ಮಂಕಾಗಿ ಮಲಗಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಮ್ಮನಿಗೆ ಬಯ್ಯಬೇಡಿ, ಅವರ ಕಾಲದ ಚಿಕ್ಕಮಗಳೂರಿನ ಏಪ್ರಿಲ್‌ಗೆ ಆ ಟೋಪಿ ಸರಿಯಾಗಿಯೇ ಇತ್ತು. ಮಗುವಿಗೆಂದು ಅವರು ತುಂಬಿಸಿಟ್ಟ ಆ ನೀರನ್ನು ನೀವು ಕುಡಿಯಿರಿ, ಪ್ರತಿ ಸಲ ಹಾಲೂಡಿಸಲು ಕೂತಾಗ ಒಂದು ದೊಡ್ಡ ಲೋಟ.