ಗಲ್ಲಾದ ಪಕ್ಕದಿಂದ: ಹೋಟೆಲ್ ಊಟದ ಬಗ್ಗೆ ನಿಮ್ಮ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಅಪ್ಪ ಅಮ್ಮನನ್ನು ಬೆಂಗಳೂರು ತೋರಿಸಲು ಕರೆದುಕೊಂಡು ಹೋಗಿದ್ದೆ. ಎಂ.ಜಿ. ರಸ್ತೆ ಹತ್ತಿರ ಒಂದು ರೆಸ್ಟೋರೆಂಟಿನಲ್ಲಿ ಊಟ ಮಾಡಿದೆವು. ಊಟಕ್ಕೆ 1,840 ರೂಪಾಯಿ. ಅದರ ಮೇಲೆ 184 ರೂಪಾಯಿ ಸರ್ವಿಸ್ ಚಾರ್ಜ್ ಹಾಕಿದ್ದರು. ತೆಗೆಯಿರಿ ಎಂದರೆ ‘ಮೆನುವಿನಲ್ಲೇ ಬರೆದಿದೆ, ಕೊಡಲೇಬೇಕು’ ಎಂದರು. ಅಮ್ಮ ‘ಬಿಡಪ್ಪಾ, ಎಲ್ಲರೂ ನೋಡ್ತಿದ್ದಾರೆ’ ಎಂದಳು. ಕೊಟ್ಟು ಬಂದೆವು. ನಾನು ಕೇಳಿದ್ದು ತಪ್ಪಾ?
- ಓದುಗರು, ದಾವಣಗೆರೆ

ಉತ್ತರ: ಖಂಡಿತ ತಪ್ಪಲ್ಲ. ಮೆಜೆಸ್ಟಿಕ್ ಕಡೆ ಒಂದು ಹೋಟೆಲಿನ ಗಲ್ಲಾದಲ್ಲಿ ನಾನು 19 ವರ್ಷ ಕೂತವನು. ನಿಮ್ಮ ಪತ್ರ ಓದಿ ಬೇಜಾರಾಯಿತು. ಹಣಕ್ಕಿಂತ ಜಾಸ್ತಿ, ಅಮ್ಮನ ಆ ಮಾತಿಗೆ.

ಸರ್ವಿಸ್ ಚಾರ್ಜ್ ತೆರಿಗೆ ಅಲ್ಲ. ಸರ್ಕಾರಕ್ಕೆ ಹೋಗುವುದು ಜಿಎಸ್‌ಟಿ ಮಾತ್ರ. ನೀವು ಹೋದಂಥ ಸಾಮಾನ್ಯ ರೆಸ್ಟೋರೆಂಟಿನಲ್ಲಿ ಅದು ಶೇ. 5. ಬಿಲ್ಲಿನಲ್ಲಿ ಎರಡೂವರೆ, ಎರಡೂವರೆ ಎಂದು ಎರಡು ಸಾಲಿನಲ್ಲಿ ಇರುತ್ತದೆ. ಸರ್ವಿಸ್ ಚಾರ್ಜ್ ಹೋಟೆಲಿನವರು ತಾವಾಗಿ ಸೇರಿಸುವ ಹಣ. ಅದನ್ನು ಗಿರಾಕಿಯ ಬಿಲ್ಲಿಗೆ ತಾನೇ ತಾನಾಗಿ ಹಾಕಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಹಾಗಾಗಿ ‘ಮೆನುವಿನಲ್ಲಿ ಬರೆದಿದೆ’ ಅನ್ನುವುದು ಉತ್ತರವೇ ಅಲ್ಲ.

ನಿಮ್ಮ ಬಿಲ್ ಇನ್ನೊಮ್ಮೆ ತೆಗೆದು ನೋಡಿ. 184 ರೂಪಾಯಿ ಸೇರಿಸಿದ ಮೇಲೆ ಒಟ್ಟು 2,024ರ ಮೇಲೆ ಜಿಎಸ್‌ಟಿ ಹಾಕಿದ್ದರೆ, ನೀವು ಕೊಟ್ಟಿದ್ದು 2,125 ರೂಪಾಯಿ 20 ಪೈಸೆ. ಆಗಬೇಕಿದ್ದದ್ದು 1,932. ಸರ್ವಿಸ್ ಚಾರ್ಜಿಗೂ ತೆರಿಗೆ ಕಟ್ಟಿದ ಹಾಗಾಯಿತು. ಬಿಲ್ ಇಟ್ಟುಕೊಂಡಿದ್ದರೆ ಈಗಲೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ.

ಮುಂದಿನ ಸಲ ಆರ್ಡರ್ ಮಾಡುವ ಮೊದಲೇ ಕೇಳಿಬಿಡಿ: ‘ಸರ್ವಿಸ್ ಚಾರ್ಜ್ ಹಾಕ್ತೀರಾ?’ ನೀರು ತಂದಿಡುವಾಗ ಕೇಳಿದರೆ ಅದು ಸುಮ್ನೆ ಒಂದು ಪ್ರಶ್ನೆ. ಬಿಲ್ ಬಂದ ಮೇಲೆ ಕೇಳಿದರೆ ಜಗಳ ಅನ್ನಿಸುತ್ತದೆ, ಪಕ್ಕದ ಟೇಬಲ್‌ನವರು ತಿರುಗಿ ನೋಡುತ್ತಾರೆ. ಅಮ್ಮನಿಗೆ ಆಗಿದ್ದು ಅದೇ.

ಒಂದು ಮಾತು ಮಾತ್ರ ಮನಸ್ಸಿನಲ್ಲಿರಲಿ. ಸಪ್ಲೈಯರ್ ಮೇಲೆ ಕೂಗಬೇಡಿ. ನಮ್ಮಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬ ಇದ್ದ, ಕೆಲಸಕ್ಕೆ ಸೇರಿ ಎರಡು ವಾರ ಆಗಿತ್ತಷ್ಟೆ. ಗಿರಾಕಿಯೊಬ್ಬರು ಬಿಲ್ ಜಾಸ್ತಿಯಾಯಿತೆಂದು ಅವನನ್ನು ಬೈದರು. ಅವನ ಕೈಯಲ್ಲಿ ಸೋಂಪಿನ ತಟ್ಟೆ ಇತ್ತು. ಕೈ ನಡುಗಿ ಸೋಂಪು, ಸಕ್ಕರೆ ಎಲ್ಲ ಟೇಬಲ್ ಮೇಲೆ ಚೆಲ್ಲಿತು. ಅವನು ಅದನ್ನು ಒಂದೊಂದೇ ಕಾಳು ಆರಿಸುತ್ತಾ ನಿಂತ. ರೇಟು ಹಾಕಿದವನು ಅವನಲ್ಲ, ಬಿಲ್ ಹೊಡೆದವನು ನಾನು. ಗಲ್ಲಾಕ್ಕೆ ಬಂದು ನನ್ನನ್ನು ಕೇಳಬೇಕಿತ್ತು. ಬಡಿಸಿದವರ ಕೆಲಸ ಇಷ್ಟವಾದರೆ ಹಣ ಅವರ ಕೈಗೇ ಕೊಡಿ. ಬಿಲ್ಲಿನಲ್ಲಿ ಕೊಟ್ಟದ್ದು ಅವರಿಗೆ ತಲುಪುತ್ತದೆ ಅಂತ ನಂಬಿಕೊಳ್ಳಬೇಡಿ.

ಪ್ರಶ್ನೆ: ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ನಮ್ಮ ಟೇಬಲ್ಲಿಗೇ ಅಪರಿಚಿತರನ್ನು ಕೂರಿಸಿದರು. ಹೆಂಡತಿಗೆ ಮುಜುಗರವಾಯಿತು. ಬೇರೆ ಟೇಬಲ್ ಕೇಳಬಹುದಿತ್ತಾ?
- ಓದುಗರು, ಹುಬ್ಬಳ್ಳಿ

ಉತ್ತರ: ಕೇಳಬಹುದು. ಆದರೆ ರಜಾ ದಿನ ಸಿಗುವುದು ಕಷ್ಟ. ಬಾಗಿಲಲ್ಲಿ ಹೆಸರು ಬರೆಸಿ ಕಾಯುವವರು ಎಷ್ಟು ಜನ ಅಂತ ನೀವೇ ನೋಡಿರುತ್ತೀರಿ. 1943ರಿಂದ ನಡೆಯುತ್ತಿರುವ ಚಿಕ್ಕ ಜಾಗ ಅದು. ಅಲ್ಲಿ ಸೀಟು ಹಂಚಿಕೊಂಡು ತಿನ್ನುವುದೇ ರೂಢಿ. ಯಾರೂ ನಿಮ್ಮನ್ನು ಕಡೆಗಣಿಸಿದ್ದಲ್ಲ. ನನಗಂತೂ ಅದು ಇಷ್ಟ. ಪಂಚೆ ಉಟ್ಟವರು ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಸಾಲಾಗಿ ಪೇರಿಸಿಕೊಂಡು ಬಂದು, ಒಂದೂ ಅಲುಗದ ಹಾಗೆ ಇಳಿಸುತ್ತಾರೆ. ಆಗ ಎದುರಿಗೆ ಕೂತ ಅಪರಿಚಿತರೂ ನೀವೂ ಒಟ್ಟಿಗೇ ನೋಡುತ್ತೀರಿ, ಅಲ್ವಾ? ಜನ ಕಡಿಮೆ ಬೇಕೆಂದರೆ ವಾರದ ದಿನ ಹೋಗಿ. ಶುಕ್ರವಾರ ಮಾತ್ರ ಬೇಡ, ಅವತ್ತು ರಜೆ.

ಪ್ರಶ್ನೆ: ಅಪ್ಪನಿಗೆ ಮಂಡಿ ನೋವು. ದರ್ಶಿನಿಯಲ್ಲಿ ನಿಂತು ತಿನ್ನಲು ಆಗುವುದಿಲ್ಲ. ಕುರ್ಚಿ ಕೇಳಿದರೆ ಏನಂದುಕೊಳ್ಳುತ್ತಾರೋ?
- ಓದುಗರು, ತುಮಕೂರು

ಉತ್ತರ: ಏನೂ ಅಂದುಕೊಳ್ಳುವುದಿಲ್ಲ, ಕೇಳಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ನಿಂತು ತಿನ್ನುವುದು ಪದ್ಧತಿ. ಕೂರುವ ಜಾಗದ, ಬಡಿಸುವ ಜನರ ಖರ್ಚು ಉಳಿಯುವುದರಿಂದಲೇ ಅಲ್ಲಿ ಬೆಲೆ ಕಡಿಮೆ. ಆದರೂ ಗಲ್ಲಾದವನ ಕಾಲ ಕೆಳಗೆ ಒಂದು ಸ್ಟೂಲ್ ಇರುವುದು ಜಾಸ್ತಿ. ನಾನೇ ಎಷ್ಟೋ ಸಲ ನನ್ನದನ್ನು ಎತ್ತಿ ಕೊಟ್ಟಿದ್ದೇನೆ. ಮಧ್ಯಾಹ್ನ ಮೂರೂವರೆ ಹೊತ್ತಿಗೆ ಕರೆದುಕೊಂಡು ಹೋಗಿ. ಊಟದ ಗಲಾಟೆ ಮುಗಿದಿರುತ್ತದೆ, ಸಂಜೆಯ ಕಾಫಿಗೆ ಹೊಸ ಡಿಕಾಕ್ಷನ್ ಇಳಿಯುತ್ತಿರುತ್ತದೆ.