ಹಾಲು ಬಿಟ್ಟ ಮಗಳು, ಹಾಲು ಬಿಡದ ಅಮ್ಮ

(ಗುರುತು ಸಿಗಬಾರದು ಅಂತ ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಊಟದ ಸಲಹೆ ಕೇಳಲು ಇಬ್ಬರೂ ನನ್ನ ಹತ್ತಿರ ಒಟ್ಟಿಗೇ ಬಂದರು, ಆದರೆ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತರು. ಅಮ್ಮನಿಗೆ 53, ಮಗಳಿಗೆ 22.

"ಮೇಡಂ, ಇವಳು ಹಾಲು ಬಿಟ್ಟು ಎಂಟು ತಿಂಗಳಾಯ್ತು. ಮೂಳೆ ಗತಿ ಏನು, ನೀವೇ ಹೇಳಿ" ಅಂತ ಅಮ್ಮ ಶುರು ಮಾಡಿದರು.

ಮಗಳು ಫೋನಿನಿಂದ ತಲೆ ಎತ್ತಲಿಲ್ಲ. "ಹಾಲು ಕುಡಿದ್ರೇನೇ ಮೂಳೆ ಮುರಿಯೋದು. ಸ್ವೀಡನ್‌ನಲ್ಲಿ ಅಧ್ಯಯನ ಆಗಿದೆ" ಅಂದಳು.

ಮನೆಯಲ್ಲಿ ದಿನಾ ಇದೇ ಕತೆಯಂತೆ. ರಾತ್ರಿ ಅಮ್ಮ ಹಾಲಿನ ಲೋಟವನ್ನು ಮಗಳ ಮೇಜಿನ ಮೇಲಿಡುತ್ತಾರೆ. ಬೆಳಿಗ್ಗೆ ಅದು ಕೆನೆಗಟ್ಟಿಕೊಂಡು ಅಲ್ಲೇ ಇರುತ್ತದೆ.

ಮೊದಲ ದಿನ ನಾನೂ ಎಡವಿದೆ. ನೇರವಾಗಿ ಲೆಕ್ಕಕ್ಕೆ ಇಳಿದುಬಿಟ್ಟೆ. ದೊಡ್ಡವರಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಕ್ಯಾಲ್ಸಿಯಂ, ಮುಟ್ಟು ನಿಂತ ಹೆಂಗಸರಿಗೆ 1,200 ಅಂತ ಹಲವು ದೇಶಗಳ ಶಿಫಾರಸು; ಬ್ರಿಟನ್‌ನಲ್ಲಿ 700 ಸಾಕು ಅನ್ನುತ್ತಾರೆ. 250 ಮಿಲಿ ಹಾಲಿನಲ್ಲಿ ಸುಮಾರು 300 ಇರುತ್ತದೆ. ಅಮ್ಮ 1,200 ಹಿಡಿದುಕೊಂಡರು, ಮಗಳು 700 ಹಿಡಿದುಕೊಂಡಳು. ಜಗಳಕ್ಕೆ ನಾನೇ ಹೊಸ ಸರಕು ಕೊಟ್ಟ ಹಾಗಾಯಿತು.

ಮುಂದಿನ ಸಲ ಬೇರೆಬೇರೆಯಾಗಿ ಕೂರಿಸಿದೆ.

ಅಮ್ಮ ಹೇಳಿದ್ದು ಹಾಲಿನ ವಿಷಯವನ್ನೇ ಅಲ್ಲ, ತಮ್ಮ ತಾಯಿಯ ವಿಷಯವನ್ನು. 74ನೇ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಮತ್ತೆ ಹಾಸಿಗೆಯಿಂದ ಏಳಲಿಲ್ಲ.

"ಅವರು ಹಾಲು ಕುಡೀತಿದ್ರಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಎರಡು ಹೊತ್ತೂ" ಅಂದರು. ಅಂದದ್ದೇ ತಡ, ಕಣ್ಣು ತುಂಬಿಕೊಂಡರು.

ಹಾಗಂತ ಹಾಲು ದಂಡ ಅಂತ ನಾನು ಹೇಳಲಿಲ್ಲ. ಮುಟ್ಟು ನಿಂತ ಮೇಲಿನ ಕೆಲವು ವರ್ಷ ಈಸ್ಟ್ರೊಜೆನ್ ಅನ್ನುವ ಹಾರ್ಮೋನು ಕುಸಿದು ಮೂಳೆ ಬೇಗ ಸವೆಯುತ್ತದೆ. ಎಷ್ಟು ಹಾಲು ಕುಡಿದರೂ ಆ ಸವೆತ ಪೂರ್ತಿ ನಿಲ್ಲುವುದಿಲ್ಲ. ವಿಟಮಿನ್ ಡಿ ಕಡಿಮೆ ಇದ್ದರೆ ತಿಂದ ಕ್ಯಾಲ್ಸಿಯಂ ಕೂಡ ಸರಿಯಾಗಿ ಮೈಗೆ ಹತ್ತುವುದಿಲ್ಲ. ಓಡಾಟ, ಭಾರ ಎತ್ತುವ ವ್ಯಾಯಾಮ, ಬಚ್ಚಲಲ್ಲಿ ಜಾರದ ನೆಲ, ಹಿಡಿಕೆ: ಇವೂ ಮೂಳೆ ಕಾಯುವ ಕೆಲಸಗಳೇ.

"ರಕ್ತದಲ್ಲಿ ಕ್ಯಾಲ್ಸಿಯಂ ಸರಿ ಇದೆಯಲ್ಲಾ ನನಗೆ" ಅಂತ ರಿಪೋರ್ಟ್ ತೋರಿಸಿದರು. ಈ ತಪ್ಪು ತಿಳಿವಳಿಕೆ ತುಂಬಾ ಜನರಿಗಿದೆ. ಮೈಯ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲಿರುತ್ತದೆ. ರಕ್ತದಲ್ಲಿ ಚೂರು ಇಳಿದರೂ ಮೈ ಮೂಳೆಯಿಂದ ಎಳೆದುಕೊಂಡು ಅದನ್ನು ಸರಿಮಾಡಿಕೊಳ್ಳುತ್ತದೆ. ಮೂಳೆ ಟೊಳ್ಳಾಗುತ್ತಿದ್ದರೂ ರಕ್ತದ ರಿಪೋರ್ಟ್ ಚೆನ್ನಾಗಿಯೇ ಬರಬಹುದು. ಮೂಳೆಯ ಗಟ್ಟಿತನ ನೋಡಲು ಡೆಕ್ಸಾ ಸ್ಕ್ಯಾನ್ ಬೇಕು. ತಾಯಿಗೆ ಸೊಂಟ ಮುರಿದಿತ್ತು ಅನ್ನುವುದನ್ನು ವೈದ್ಯರಿಗೆ ಮರೆಯದೆ ಹೇಳಿ ಅಂದೆ.

ಹೊರಡುವಾಗ ಇನ್ನೊಂದು ಮಾತು ಬಂತು. ಹಾಲು ಕುಡಿದರೆ ಅವರಿಗೇ ಹೊಟ್ಟೆ ಉಬ್ಬರಿಸುತ್ತದಂತೆ! ಆದರೂ ಮೂಗು ಹಿಡಿದುಕೊಂಡು ಕುಡಿಯುತ್ತಾರೆ, ಅದೂ ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆ. ಹಾಲಿನ ಸಕ್ಕರೆ ಅರಗದಿರುವುದು ಕಾಯಿಲೆಯಲ್ಲ, ಜಗತ್ತಿನ ದೊಡ್ಡವರಲ್ಲಿ ಹೆಚ್ಚಿನವರಿಗೆ ಆ ಶಕ್ತಿ ಕಡಿಮೆಯೇ. ಅಂಥವರಲ್ಲಿ ಎಷ್ಟೋ ಜನಕ್ಕೆ ಮೊಸರು ಒಗ್ಗುತ್ತದೆ, ಕ್ಯಾಲ್ಸಿಯಂಗೂ ಕೊರತೆಯಾಗುವುದಿಲ್ಲ. ಥೈರಾಯ್ಡ್ ಮಾತ್ರೆಗೆ ಮಾತ್ರ ಬರೀ ನೀರು. ಕ್ಯಾಲ್ಸಿಯಂ ಅದನ್ನು ಹೀರಲು ಬಿಡುವುದಿಲ್ಲ, ಹಾಗಾಗಿ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುವುದಾದರೆ ನಾಲ್ಕು ಗಂಟೆ ಅಂತರ ಇರಲಿ ಅಂದೆ.

ಇನ್ನು ಮಗಳು. ಅವಳು ಹೇಳಿದ ಸ್ವೀಡನ್ ಅಧ್ಯಯನ ಸುಳ್ಳಲ್ಲ, 2014ರದ್ದು. ದಿನಕ್ಕೆ ಮೂರು ಲೋಟ ಅಥವಾ ಜಾಸ್ತಿ ಹಾಲು ಕುಡಿಯುವ ಹೆಂಗಸರಲ್ಲಿ ಮೂಳೆ ಮುರಿತ ಹೆಚ್ಚು ಕಂಡಿತ್ತು. ಆದರೆ ಅದು ಜನರನ್ನು ಗಮನಿಸಿ ಬರೆದದ್ದು, ಹಾಲೇ ಕಾರಣ ಅಂತ ಅದರಿಂದ ಸಾಬೀತಾಗುವುದಿಲ್ಲ. ಎಚ್ಚರಿಕೆಯಿಂದ ಓದಿ ಅಂತ ಬರೆದವರೇ ಹೇಳಿದ್ದಾರೆ. ಇದನ್ನು ಹೇಳಿ, 2007ರ ಬ್ರಿಟನ್ ಅಧ್ಯಯನವನ್ನು ಮುಂದಿಟ್ಟೆ. ಹಾಲು, ಮಾಂಸ ಎಲ್ಲ ಬಿಟ್ಟವರಲ್ಲಿ ಮೂಳೆ ಮುರಿತ ಹೆಚ್ಚಿತ್ತು. ಆದರೆ ದಿನಕ್ಕೆ 525 ಮಿಲಿಗ್ರಾಂ ಕ್ಯಾಲ್ಸಿಯಂಗೆ ಕಡಿಮೆಯಿಲ್ಲದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

"ಅಂದ್ರೆ ಹಾಲು ಬೇಕಿಲ್ಲ ತಾನೇ?"

"ಹಾಲು ಬೇಕಿಲ್ಲ. ಲೆಕ್ಕ ಬೇಕು" ಅಂದೆ.

ಅವಳು ಬರೆದು ತಂದಿದ್ದ ಮೂರು ದಿನದ ಊಟದ ಪಟ್ಟಿ ಕೂಡಿಸಿ ನೋಡಿದರೆ ಕ್ಯಾಲ್ಸಿಯಂ ದಿನಕ್ಕೆ 350 ಮಿಲಿಗ್ರಾಂನ ಆಸುಪಾಸು. ಪಾಲಕ್ ದಿನಾ ತಿನ್ನುತ್ತಿದ್ದಳು. ಅದರಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಅನ್ನುವ ಅಂಶ ಅದನ್ನು ಕಟ್ಟಿಹಾಕುವುದರಿಂದ ಮೈಗೆ ಹತ್ತುವುದು ನೂರಕ್ಕೆ ಐದು ಪಾಲು ಅಷ್ಟೇ. ಹಾಲಿನದು ಸುಮಾರು ಮೂವತ್ತು. ಬ್ರೊಕೊಲಿಯಲ್ಲಿ ಇರುವುದು ಕಡಿಮೆ, ಆದರೆ ಅರ್ಧದಷ್ಟು ಮೈಗೆ ಸೇರುತ್ತದೆ.

"ಸೋಯಾ ಹಾಲು ಕುಡೀತೀನಲ್ಲ, ಕ್ಯಾಲ್ಸಿಯಂ ಸೇರಿಸಿರೋದು" ಅಂತ ಚೀಲದಿಂದ ಪ್ಯಾಕ್ ತೆಗೆದಳು. ಖಾಲಿಯಾಗಿತ್ತು. ಕತ್ತರಿಯಿಂದ ಸೀಳಿ ತೋರಿಸಿದೆ. ತಳದಲ್ಲಿ ಸುಣ್ಣದ ಹಾಗೆ ಬೆಳ್ಳಗೆ ಗಸಿ ಕೂತಿತ್ತು. ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಇಳಿಯುತ್ತದೆ, ಕುಲುಕದಿದ್ದರೆ ಅಲ್ಲೇ ಉಳಿಯುತ್ತದೆ. ಎಂಟು ತಿಂಗಳು ಅವಳು ಮೇಲಿನ ನೀರನ್ನಷ್ಟೇ ಬಗ್ಗಿಸಿಕೊಂಡು ಕುಡಿದಿದ್ದಳು. ನನ್ನ ಅರ್ಧ ಗಂಟೆಯ ಮಾತಿಗಿಂತ ಆ ಗಸಿ ಜಾಸ್ತಿ ಕೆಲಸ ಮಾಡಿತು.

ಅವಳಿಗೆ ಹೇಳಿದ್ದು ಇಷ್ಟು: ಮೂಳೆ ತುಂಬಿಕೊಳ್ಳುವುದು ಮೂವತ್ತರ ಆಸುಪಾಸಿನವರೆಗೆ, ಈ ವರ್ಷಗಳನ್ನು ಸುಮ್ನೆ ಕಳೆಯಬೇಡ. ಚೆನ್ನಾಗಿ ಕುಲುಕಿದ ಸೋಯಾ ಹಾಲು ಎರಡು ಲೋಟ. ಟೋಫು (ಸೋಯಾ ಪನೀರ್) ಕೊಳ್ಳುವಾಗ ಲೇಬಲ್ ಓದು, ಕ್ಯಾಲ್ಸಿಯಂ ಸಲ್ಫೇಟ್ ಹಾಕಿ ಗಟ್ಟಿ ಮಾಡಿದ್ದೇ ಇರಲಿ. ಸಿಪ್ಪೆ ತೆಗೆಯದ ಎಳ್ಳು, ಬಾದಾಮಿ, ಪಾಲಕ್ ಅಲ್ಲದ ಹಸಿರು ಸೊಪ್ಪುಗಳಿಂದ ಉಳಿದದ್ದು. ಆದರೂ ಕಡಿಮೆ ಬಿದ್ದರೆ ವೈದ್ಯರನ್ನು ಕೇಳಿ ಮಾತ್ರೆ, ಒಂದು ಸಲಕ್ಕೆ 500 ಮಿಲಿಗ್ರಾಂ ಮೀರದ ಹಾಗೆ. ಉಪ್ಪು ಸ್ವಲ್ಪ ಕಡಿಮೆ.

ಅಮ್ಮನಿಗೆ ಒಂದೇ ಷರತ್ತು ಹಾಕಿದೆ: ಆರು ವಾರ ಮಗಳ ಮೇಜಿನ ಮೇಲೆ ಲೋಟ ಇಡಬಾರದು.

ಆರು ವಾರದ ನಂತರ ಬಂದಾಗ ನಡುವಿನ ಕುರ್ಚಿಯಲ್ಲಿ ಅಮ್ಮನ ಫೈಲ್ ಇತ್ತು. ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ, ಮೈನಸ್ 1.6. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗಿದೆ ಅಂತ, ಸವೆತದ ಕಾಯಿಲೆ ಅಂತಲ್ಲ. ವೈದ್ಯರು ವಿಟಮಿನ್ ಡಿ ಶುರು ಮಾಡಿದ್ದಾರೆ. ಅಮ್ಮ ಹಾಲಿನ ಬದಲು ಮೊಸರಿಗೆ ಬಂದಿದ್ದಾರೆ, ಹೊಟ್ಟೆ ಹಗುರ ಅಂದರು. ಎರಡು ಸಲ ಲೋಟ ಇಟ್ಟುಬಿಟ್ಟೆ ಅಂತಲೂ ಒಪ್ಪಿಕೊಂಡರು. ಮಗಳ ಲೆಕ್ಕ 800 ದಾಟಿದೆ. ವ್ಯಾಯಾಮ ಮಾತ್ರ ಇಬ್ಬರೂ ಶುರು ಮಾಡಿಲ್ಲ, ಮುಂದಿನ ಭೇಟಿಗೆ ಅದನ್ನೇ ಎತ್ತಿಕೊಳ್ಳಬೇಕು.