ಹಳೇ ಫೋನಿನ ಪಿನ್ ಬರೆದುಕೊಟ್ಟು ಬರಬೇಡಿ ಅಕ್ಕ

ಅಕ್ಕ, ನಾಳೆ ಅಂಗಡಿಗೆ ಹೋಗೋ ಮುಂಚೆ ಇದನ್ನು ಓದಿ. "ಬೆಳಗ್ಗೆ ಹಳೇ ಫೋನು ಬಿಟ್ಟು, ಪಿನ್ ಬರೆದುಕೊಟ್ಟು ಹೋಗ್ತೀನಿ, ಸಂಜೆ ಆಫೀಸಿನಿಂದ ಬರುವಾಗ ಎಲ್ಲಾ ಹೊಸದಕ್ಕೆ ಹಾಕಿ ಕೊಡ್ತಾರಂತೆ, ಫ್ರೀ" ಅಂತ ನಿಮ್ಮ ಪೋಸ್ಟಿನಲ್ಲಿ ಬರೆದಿದ್ದೀರಿ. ಮಗಳಿಗೆ ಟ್ಯಾಬ್ ಬೇರೆ, ಎರಡೂ ನೋ ಕಾಸ್ಟ್ ಇಎಂಐನಲ್ಲಿ, ಅಂದರೆ ಬಡ್ಡಿ ಇಲ್ಲ ಅನ್ನುವ ಕಂತಿನಲ್ಲಿ. ಹಳೇ ಫೋನಿಗೆ 3,500 ಕೊಡುತ್ತಾರೆ, ಸರಿಯಾ ಅಂತ ಕೇಳಿದ್ದೀರಿ. ಬೆಲೆ ಕೊನೆಗೆ ನೋಡೋಣ. ಮೊದಲು ಆ ಪಿನ್ ವಿಷಯ.

ನಾನೂ ಹಾಗೇ ಕೊಟ್ಟು ಬಂದವನು. 2022ರ ದೀಪಾವಳಿ, ಮುಂಬೈ ಪಕ್ಕದ ಠಾಣೆ ಊರಿನ ರೈಲ್ವೆ ಸ್ಟೇಷನ್ ಹತ್ತಿರದ ಒಂದು ಅಂಗಡಿ. ಹೆಸರು ಬೇಡ, ಹುಡುಗರು ಈಗ ಬದಲಾಗಿರಬಹುದು. "ಟೆನ್ಶನ್ ನಕೋ ಕಾಕಾ" (ಚಿಂತೆ ಬೇಡ ಅಂಕಲ್) ಅಂದ ಅಂಗಡಿ ಹುಡುಗ. ನನಗೆ 9.12ರ ಫಾಸ್ಟ್ ಲೋಕಲ್ ಟ್ರೈನ್ ಹಿಡಿಯೋ ಅವಸರ. ಪಿನ್ ಹೇಳಿ ಓಡಿದೆ.

ಸಂಜೆ ವಾಪಸ್ ಹೋದಾಗ ಕೌಂಟರಿನ ಹಿಂದೆ ಒಂದು ಪ್ಲಾಸ್ಟಿಕ್ ಟ್ರೇ ಕಂಡಿತು, ತರಕಾರಿ ಇಡುತ್ತಾರಲ್ಲ ಅಂಥದ್ದು. ಅದರಲ್ಲಿ ಹತ್ತು ಹನ್ನೆರಡು ಫೋನು ಮಲಗಿದ್ದವು. ಪ್ರತಿ ಫೋನಿನ ಬೆನ್ನಿಗೆ ಹಳದಿ ಚೀಟಿ, ಮೇಲೆ ಸೆಲೋಟೇಪು. ಒಂದರ ಮೇಲೆ ಒಂಬತ್ತು ಚುಕ್ಕಿ ಇಟ್ಟು ಝಡ್ ಆಕಾರದ ಪ್ಯಾಟರ್ನ್ ಎಳೆದಿದ್ದರು, ಮಕ್ಕಳು ರಂಗೋಲಿ ಕಲಿಯುವ ಹಾಗೆ. ಇನ್ನೊಂದರ ಮೇಲೆ ಯಾರದೋ ಹುಟ್ಟಿದ ವರ್ಷ, ಪಕ್ಕದಲ್ಲಿ "ಜೋಶಿ ಮೇಡಂ" ಅಂತ. ನನ್ನ ಚೀಟಿ ಫ್ಯಾನಿನ ಗಾಳಿಗೆ ಅರ್ಧ ಎದ್ದು ಪಟಪಟ ಅನ್ನುತ್ತಿತ್ತು. ಅದರ ಮೇಲಿದ್ದ ನಾಲ್ಕು ಅಂಕಿ ನನ್ನ ಫೋನಿನ ಪಿನ್, ನನ್ನ ಯುಪಿಐ ಪಿನ್, ನನ್ನ ಎಟಿಎಂ ಪಿನ್. ಮೂರೂ ಒಂದೇ ಇಟ್ಟುಕೊಂಡಿದ್ದೆ, ಮರೆತುಹೋಗುತ್ತದೆ ಅಂತ. ಬೈಯಬೇಡಿ, ಮನೆಯಲ್ಲಿ ಆಗಲೇ ಆಗಿದೆ.

ದುಡ್ಡು ಹೋಗಲಿಲ್ಲ. ಆದರೆ ಮೂರು ವಾರ ಆದಮೇಲೆ ಹುಬ್ಬಳ್ಳಿಯಿಂದ ತಂಗಿ ಕೇಳಿದಳು, "ಮೆಸೇಜ್ ಓದಿದ್ದೀ, ನೀಲಿ ಟಿಕ್ ಬಂದದೆ, ಉತ್ತರ ಯಾಕೆ ಕೊಡಲ್ಲ?" ಆ ಹೊತ್ತಿಗೆ ನನ್ನ ಫೋನು ಆಫೀಸ್ ಲಾಕರಿನಲ್ಲಿತ್ತು. ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್, ಅಂದರೆ ನನ್ನ ಖಾತೆಗೆ ಜೋಡಿಸಿರುವ ಬೇರೆ ಸಾಧನಗಳ ಪಟ್ಟಿ, ತೆಗೆದು ನೋಡಿದರೆ ಒಂದು ವಿಂಡೋಸ್ ಕಂಪ್ಯೂಟರು. ನನ್ನ ಮನೆಯಲ್ಲಿ ಕಂಪ್ಯೂಟರೇ ಇಲ್ಲ. ಹೊಸ ಫೋನು ಸೆಟ್ ಮಾಡುವಾಗ ಅದರಿಂದಲೇ ಅಂಗಡಿ ಕಂಪ್ಯೂಟರಿಗೆ ಜೋಡಿಸಿದ್ದಾರೆ. ಬೇಕಂತ ಮಾಡಿದರೋ, ಫೋಟೋ ಕಳಿಸೋಕೆ ಜೋಡಿಸಿ ತೆಗೆಯೋದು ಮರೆತರೋ, ಇವತ್ತಿಗೂ ಗೊತ್ತಿಲ್ಲ. ಅಷ್ಟೂ ದಿನ ನಮ್ಮ ಮನೆ ಮಾತು, ಅಪ್ಪನ ಆಸ್ಪತ್ರೆ ರಿಪೋರ್ಟು, ಎಲ್ಲ ಅಲ್ಲಿ ತೆರೆದುಕೊಂಡಿತ್ತು.

ಇನ್ನೊಂದು ಏಟು ಇದಾದ ಮೇಲೆ. ಎಕ್ಸ್‌ಚೇಂಜಿಗೆ ಹೋದ ಹಳೇ ಫೋನಿನಲ್ಲಿ ಮೆಮೊರಿ ಕಾರ್ಡ್ ಹಾಗೇ ಇತ್ತು. ಫೋನ್ ರೀಸೆಟ್ ಮಾಡಿದರೆ ಒಳಗಿನದ್ದು ಹೋಗುತ್ತದೆ. ಈಗಿನ ಫೋನುಗಳಲ್ಲಿ ಒಳಗಿನ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿ ಇಲ್ಲದೆ ಓದಲು ಬರುವುದಿಲ್ಲ, ರೀಸೆಟ್ ಆದಾಗ ಅದರ ಕೀಲಿಯೇ ಅಳಿಸಿಹೋಗುತ್ತದೆ. ಆದರೆ ಹೊರಗಿನಿಂದ ಹಾಕುವ ಕಾರ್ಡಿಗೆ ಆ ರಕ್ಷಣೆ ಇರುವುದಿಲ್ಲ, ನಾವೇ ಎನ್‌ಕ್ರಿಪ್ಟ್ ಮಾಡದಿದ್ದರೆ ಯಾವ ಕಾರ್ಡ್ ರೀಡರಿಗೆ ಹಾಕಿದರೂ ಓದುತ್ತದೆ. ನನ್ನ ಪ್ಯಾನ್, ಆಧಾರ್ ಫೋಟೋ, ಮಗನ ಬಾಲವಾಡಿ ಫೋಟೋ ಎಲ್ಲ ಅದರಲ್ಲೇ. ಮರುದಿನ ಹೋಗಿ ಕೇಳಿದರೆ "ಮಾಲು ಹೋಯ್ತು ಕಾಕಾ" ಅಂದ.

ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು "ನಾನು ಮೂರು ಸಲ ಹಾಗೇ ಮಾಡಿದ್ದೇನೆ, ಏನೂ ಆಗಿಲ್ಲ" ಅಂದಿದ್ದಾರೆ. ಅಣ್ಣಾ, ಆಗಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಲಿಂಕ್ಡ್ ಡಿವೈಸಸ್ ಒಮ್ಮೆ ತೆಗೆದು ನೋಡಿ, ಆಮೇಲೆ ಬಂದು ಬರೆಯಿರಿ.

ಈಗ ನಾನು ಮಾಡುವ ಕ್ರಮ. ಹೊಸ ಫೋನು ಡಬ್ಬಿ ಸಮೇತ ಮನೆಗೆ ತನ್ನಿ. ಅಂಗಡಿಯಲ್ಲಿ ಆನ್ ಮಾಡಿ ಪರದೆ, ಕ್ಯಾಮೆರಾ ನೋಡಿ ಸಾಕು, ನಿಮ್ಮ ಗೂಗಲ್ ಖಾತೆ ಅಲ್ಲಿ ಹಾಕಬೇಡಿ. ರಾತ್ರಿ ಊಟ ಆದಮೇಲೆ ಎರಡೂ ಫೋನು ಚಾರ್ಜ್ ತುಂಬಿಸಿ, ಕೇಬಲ್ಲಿನಿಂದ ಜೋಡಿಸಿ. ವೈಫೈನಲ್ಲೂ ಆಗುತ್ತದೆ, ಆದರೆ 60 ಜಿಬಿ ಫೋಟೋ ಇದ್ದರೆ ಬೆಳಗಾಗುತ್ತದೆ. ಎರಡೂ ಕಡೆ ಟೈಪ್ ಸಿ ಇರುವ ಕೇಬಲ್ ಬೇಕು. ಹೊಸ ಫೋನು ಮೊದಲ ಸಲ ಆನ್ ಆದಾಗಲೇ ಹಳೆಯದರಿಂದ ತರಬೇಕಾ ಅಂತ ಕೇಳುತ್ತದೆ, ಅಲ್ಲಿ ಹೂಂ ಅನ್ನಿ. ಸ್ಯಾಮ್‌ಸಂಗ್ ಆದರೆ ಸ್ಮಾರ್ಟ್ ಸ್ವಿಚ್ ಇದೆ, ನನ್ನ ಮಟ್ಟಿಗೆ ಅದಕ್ಕಿಂತ ಸಲೀಸು ಇನ್ನೊಂದಿಲ್ಲ. ವಾಟ್ಸಾಪ್ ಮಾತ್ರ ಬೇರೆಯಾಗಿ: ಹಳೇ ಫೋನಿನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್. ಕ್ಯೂಆರ್ ಸ್ಕ್ಯಾನ್ ಮಾಡಿದರೆ ನೇರವಾಗಿ ಹೋಗುತ್ತದೆ, ಗೂಗಲ್ ಡ್ರೈವ್ ತುಂಬಿದೆ ಅನ್ನೋ ಗೋಳಿಲ್ಲ. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಇದು. ಐಫೋನಿಗೆ ಹೋಗುವವರ ದಾರಿ ಬೇರೆ.

ಬ್ಯಾಂಕ್ ಆ್ಯಪ್ ಯಾವುದೂ ಹಾಗೇ ಹೋಗುವುದಿಲ್ಲ. ಸಿಮ್ ಹೊಸದಕ್ಕೆ ಹಾಕಿ ಒಂದೊಂದಾಗಿ ಮತ್ತೆ ನೋಂದಾಯಿಸಬೇಕು. ಆಗ ಆ್ಯಪ್ ನಿಮ್ಮ ಸಿಮ್‌ನಿಂದ ಎಸ್‌ಎಂಎಸ್ ಕಳಿಸುತ್ತದೆ, ರೀಚಾರ್ಜ್ ಮುಗಿದಿದ್ದರೆ ಅಲ್ಲೇ ನಿಲ್ಲುತ್ತದೆ. ಹೊಸ ಫೋನಿನಲ್ಲಿ ಯುಪಿಐ ಶುರುವಾದ ಮೊದಲ 24 ಗಂಟೆ 5,000ಕ್ಕಿಂತ ಜಾಸ್ತಿ ಹೋಗುವುದಿಲ್ಲ. ತಿಂಗಳ ಒಂದನೇ ತಾರೀಖು ಬಾಡಿಗೆ ಕಟ್ಟುವವರು ಆ ದಿನ ಫೋನ್ ಬದಲಿಸಬೇಡಿ. ನಾನು ಬದಲಿಸಿ ಡೊಂಬಿವಲಿಯ ಮನೆ ಮಾಲೀಕರಿಗೆ ಕತೆ ಹೇಳಿದ್ದೇನೆ.

ಇಷ್ಟಾದ ಮೇಲೂ ಹಳೇ ಫೋನು 15 ದಿನ ಮನೆಯಲ್ಲೇ ಇರಲಿ. ಇದು ನನ್ನ ಹಠ ಅಂತಲೇ ಇಟ್ಟುಕೊಳ್ಳಿ. ಏನೋ ಒಂದು ಉಳಿದೇ ಇರುತ್ತದೆ. ಒಮ್ಮೆ ಆಥೆಂಟಿಕೇಟರ್ ಆ್ಯಪಿನ ಲಾಗಿನ್ ಕೋಡುಗಳು ಉಳಿದಿದ್ದವು, ಇನ್ನೊಮ್ಮೆ ಅಮ್ಮನ ದನಿಯ ಕಾಲ್ ರೆಕಾರ್ಡಿಂಗು. ಹದಿನೈದು ದಿನ ಕೈ ಹಾಕುವ ಪ್ರಸಂಗ ಬರದಿದ್ದರೆ ಆಗ ಅಳಿಸಿ. ಕ್ರಮ ತಪ್ಪಬಾರದು: ಮೊದಲು ಮೆಮೊರಿ ಕಾರ್ಡ್, ಸಿಮ್ ಹೊರಗೆ. ಆಮೇಲೆ ಗೂಗಲ್ ಖಾತೆ ತೆಗೆಯಿರಿ, ಐಫೋನ್ ಆದರೆ ಕಳೆದ ಫೋನ್ ಹುಡುಕುವ ಫೈಂಡ್ ಮೈ ಆಫ್ ಮಾಡಿ. ಕೊನೆಗೆ ಸೆಟ್ಟಿಂಗ್ಸ್‌ನಿಂದಲೇ ಫ್ಯಾಕ್ಟರಿ ರೀಸೆಟ್. ಖಾತೆ ಉಳಿದ ಫೋನನ್ನು ಬಟನ್ ಒತ್ತಿ ರೀಸೆಟ್ ಮಾಡಿದರೆ ಮುಂದಿನವರಿಗೆ ಅದು ಕೆಲಸಕ್ಕೆ ಬಾರದ ಇಟ್ಟಿಗೆ, ನಿಮ್ಮ ಪಾಸ್‌ವರ್ಡ್ ಕೇಳಿಕೊಂಡು ಫೋನ್ ಬರುತ್ತದೆ.

"ಎಕ್ಸ್‌ಚೇಂಜ್ ಅದೇ ದಿನ ಕೊಡಬೇಕಲ್ಲ" ಅನ್ನುತ್ತೀರಿ. ಹೌದು, ಹಳೇ ಫೋನಿನ ಬೆಲೆಯ ಮೇಲೆ ಎಕ್ಸ್‌ಚೇಂಜ್ ಬೋನಸ್ ಕೊಡುತ್ತಿದ್ದರೆ ಅದೇ ದಿನ. ಆಗ ಹಿಂದಿನ ರಾತ್ರಿ ಬ್ಯಾಕಪ್ ಇಟ್ಟು, ರೀಸೆಟ್ ಮಾಡಿ, ಖಾಲಿ ಫೋನನ್ನೇ ಒಯ್ಯಿರಿ. ಅಂಗಡಿಯವರಿಗೆ ನೋಡಬೇಕಾದದ್ದು ಪರದೆ, ಬ್ಯಾಟರಿ, ಐಎಂಇಐ ಅನ್ನುವ ಫೋನಿನ ಗುರುತಿನ ನಂಬರು. ಅದಕ್ಕೆ ನಿಮ್ಮ ಫೋಟೋ ಬೇಡ. ರಿಪೇರಿಗೆ ಕೊಡುವುದಾದರೂ ಪಿನ್ ಬೇಡ. ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಇದೆ. ಆನ್ ಮಾಡಿಕೊಟ್ಟರೆ ಮೆಕ್ಯಾನಿಕ್‌ಗೆ ಖಾಲಿ ಫೋನ್ ಹಾಗೆ ಕಾಣುತ್ತದೆ, ವಾಪಸ್ ಬಂದಮೇಲೆ ನಿಮ್ಮ ಪಿನ್ ಹಾಕಿದರೆ ಎಲ್ಲ ಇದ್ದಲ್ಲೇ. ಎರಡು ವರ್ಷದಿಂದ ಮುಂಬೈನ ಲ್ಯಾಮಿಂಗ್ಟನ್ ರೋಡಿನ ಅಂಗಡಿಗೆ ಹಾಗೇ ಕೊಡುತ್ತಿದ್ದೇನೆ. ಫೋನು ಪೂರ್ತಿ ಸತ್ತಿದ್ದರೆ ಇದು ನಡೆಯುವುದಿಲ್ಲ, ಆಗ ಎದುರಿಗೆ ಕೂತು ಮಾಡಿಸಿ. ಚಹಾ ಎರಡು ಜಾಸ್ತಿ ಆಗುತ್ತದೆ, ಅಷ್ಟೇ.

ಇಎಂಐ. ನೋ ಕಾಸ್ಟ್ ಅಂದರೆ ಕಾಸ್ಟ್ ಇಲ್ಲ ಅಂತಲ್ಲ. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ಆರ್‌ಬಿಐ 2013ರಲ್ಲೇ ಹೇಳಿದೆ. ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಕಂಪನಿ ಡಿಸ್ಕೌಂಟ್ ಅಂತ ಮೊದಲೇ ಕಳೆಯುತ್ತದೆ. ನಿಮ್ಮ ಫೋನು 24,000, ತಿಂಗಳಿಗೆ 2,000, 12 ತಿಂಗಳು ಅಲ್ವಾ? 16% ಬಡ್ಡಿ ಹಿಡಿದರೆ ಸಾಲ ಸುಮಾರು 22,043, ಬಡ್ಡಿ 1,957. ಕ್ರೆಡಿಟ್ ಕಾರ್ಡ್ ಆದರೆ ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ನಿಮ್ಮ ತಲೆಗೆ, ಸುಮಾರು 352. ಪ್ರೊಸೆಸಿಂಗ್ ಫೀ 199 ಅಂದರೆ ಜಿಎಸ್‌ಟಿ ಸೇರಿ 235. ಒಟ್ಟು 587 ರೂಪಾಯಿ ಕೈಬಿಟ್ಟಿತು. ದೊಡ್ಡದಲ್ಲ, ನಾನೂ ಕಟ್ಟುತ್ತೇನೆ. ಆದರೆ ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟು ಬಿಡ್ತೀರಿ ಅಂತ ಮೊದಲು ಕೇಳಿ. ಅವರು ಸಾವಿರ ಬಿಟ್ಟರೆ ಲೆಕ್ಕ ತಿರುಗುತ್ತದೆ.

ಅಂಗಡಿಯಲ್ಲೇ ಕೂತಿರುವ ಫೈನಾನ್ಸ್ ಹುಡುಗನಿಂದ ತೆಗೆದುಕೊಂಡರೆ ಬಡ್ಡಿಗೆ ಜಿಎಸ್‌ಟಿ ಇಲ್ಲ, ಆದರೆ ಬೇರೆ ತಲೆನೋವು. ಫೀ ಜೊತೆ ಇನ್ಶೂರೆನ್ಸ್, ಮೆಂಬರ್‌ಶಿಪ್ ಕಾರ್ಡು ಅಂತ ಮೆಲ್ಲಗೆ ಸೇರಿಸುತ್ತಾರೆ. ಸಹಿ ಹಾಕುವ ಮುಂಚೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಬಡ್ಡಿ, ಫೀ ಎಲ್ಲ ಬರೆದ ಹಾಳೆ, ಕೊಡಿ ಅನ್ನಿ, 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆಲ್ಲ ಅದು ಕಡ್ಡಾಯ. ಅವನ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್, ಗ್ಯಾಲರಿ ಕೇಳಿದರೆ ಡೆನೈ ಒತ್ತಿ. ಸಾಲದ ಆ್ಯಪ್‌ಗಳು ಅವಕ್ಕೆ ಕೈ ಹಾಕಬಾರದು ಅಂತ 2022ರಿಂದ ಆರ್‌ಬಿಐ ನಿಯಮ ಇದೆ. ಕೆವೈಸಿಗೆ, ಅಂದರೆ ಗುರುತು ಪರಿಶೀಲನೆಗೆ, ಕ್ಯಾಮೆರಾ, ಲೊಕೇಶನ್ ಒಂದು ಸಲ ಕೇಳಬಹುದು, ಅಷ್ಟೇ. ಕೆಲವರು ಕಂತು ತಪ್ಪಿದರೆ ಫೋನ್ ಲಾಕ್ ಮಾಡುವ ಆ್ಯಪ್ ಹಾಕಿಯೇ ಕೊಡುತ್ತಾರೆ. ಇದೆಯಾ ಅಂತ ಬಾಯಿಬಿಟ್ಟು ಕೇಳಿ, ಕಂತು ಮುಗಿದಮೇಲೆ ತೆಗೆಸಿ, ಸಾಲ ತೀರಿದೆ ಅನ್ನುವ ಎನ್‌ಒಸಿ ಪತ್ರ ತಗೊಳ್ಳಿ. ನನ್ನ ಭಾವನಿಗೆ ಎನ್‌ಒಸಿ ತೆಗೆದುಕೊಳ್ಳದೆ 9,000ದ ಮಿಕ್ಸರ್ ಸಾಲ ಎರಡು ವರ್ಷ ಸಿಬಿಲ್‌ನಲ್ಲಿ, ಅಂದರೆ ಸಾಲದ ದಾಖಲೆ ಇಡುವ ಸಂಸ್ಥೆಯಲ್ಲಿ, ಜೀವಂತ ಇತ್ತು, ಹೋಮ್ ಲೋನ್ ಹೊತ್ತಿಗೆ ಗೊತ್ತಾಯಿತು. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟು ಫ್ರೀ ಸಿಗುತ್ತದೆ, ತೆಗೆದು ನೋಡುತ್ತಿರಿ.

ಆಧಾರ್ ಕೊಡುವಾಗ ವಾಟ್ಸಾಪ್‌ನಲ್ಲಿ ಕಳಿಸಿ ಅನ್ನುತ್ತಾರೆ. ಕಳಿಸಬೇಡಿ. ಬರೀ ಗುರುತಿಗೆ ಕೇಳಿದರೆ ಆಧಾರ್ ಕೊಡುವ ಯುಐಡಿಎಐ ಸೈಟಿನಿಂದ ಮಾಸ್ಕ್ಡ್ ಆಧಾರ್ ಇಳಿಸಿ, ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಝೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಡ್ಡ "ಈ ಫೋನಿನ ಸಾಲಕ್ಕೆ ಮಾತ್ರ" ಅಂತ ತಾರೀಖು ಹಾಕಿ ಬರೆಯಿರಿ. ಸರ್ಕಾರದ ಸಂಚಾರ ಸಾಥಿ ಸೈಟಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ನೋಡಿಕೊಳ್ಳಿ. ಆ ಮೆಮೊರಿ ಕಾರ್ಡ್ ಹೋದಮೇಲೆ ನಾನು ಮೂರು ತಿಂಗಳಿಗೊಮ್ಮೆ ನೋಡುತ್ತೇನೆ. ಒಮ್ಮೆ ನನ್ನದಲ್ಲದ ಒಂದು ನಂಬರ್ ಇತ್ತು. ಅದೇ ಕಾರ್ಡಿನಿಂದ ಅಂತ ಹೇಳೋಕೆ ಆಗಲ್ಲ, "ನಾಟ್ ಮೈ ನಂಬರ್" ಅಂತ ಒತ್ತಿದೆ.

ಅದೇ ಸೈಟಿನಲ್ಲಿ ಕಳೆದ ಫೋನ್ ಬ್ಲಾಕ್ ಮಾಡಬಹುದು. ಆ ವ್ಯವಸ್ಥೆ 2019ರಲ್ಲಿ ಮೊದಲು ಬಂದದ್ದೇ ನಮ್ಮ ಮಹಾರಾಷ್ಟ್ರ, ಗೋವಾ ಕಡೆ. ಅದಕ್ಕೆ ಐಎಂಇಐ, ಪೊಲೀಸ್ ದೂರಿನ ಪ್ರತಿ ಬೇಕು, ಬಿಲ್ ಇದ್ದರೆ ಒಳ್ಳೆಯದು. ಹಾಗಾಗಿ ಬಿಲ್ಲಿನ ಫೋಟೋ ತೆಗೆದು ಮನೆಯವರಿಗೆ ಕಳಿಸಿಡಿ. ಲೋಕಲ್ ಟ್ರೈನಿನ ಬಾಗಿಲಲ್ಲಿ ನಿಂತು ರೀಲ್ಸ್ ನೋಡುವವರಿಗೆ ಇದನ್ನು ಎರಡು ಸಲ ಹೇಳುತ್ತೇನೆ. ಮುಂಬೈನ ಮನೀಶ್ ಮಾರ್ಕೆಟ್ ಕಡೆ ಸೆಕೆಂಡ್ ಹ್ಯಾಂಡ್ ನೋಡುವವರು ದುಡ್ಡು ಕೊಡುವ ಮುಂಚೆ *#06# ಒತ್ತಿ ಬಂದ ನಂಬರನ್ನು ಕೆವೈಎಂ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಮುಂದೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ.

ಮಗಳ ಟ್ಯಾಬಿಗೆ ಸಿಮ್ ಬೇಡ, ವೈಫೈ ಸಾಕು. ಸಿಮ್ ಅಂದರೆ ಇನ್ನೊಂದು ರೀಚಾರ್ಜು. 28 ದಿನದ ಪ್ಲಾನ್ ವರ್ಷಕ್ಕೆ 13 ಸಲ ಬರುತ್ತದೆ, 12 ಅಲ್ಲ. ಹೊರಗೆ ಹೋದಾಗ ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಡಿ. ಇಬ್ಬರು ಮಕ್ಕಳು ಹಂಚಿಕೊಳ್ಳುವುದಾದರೆ ಆಂಡ್ರಾಯ್ಡ್ ಟ್ಯಾಬ್ ನೋಡಿ, ತುಂಬಾ ಮಾಡೆಲ್‌ಗಳಲ್ಲಿ ಬೇರೆ ಬೇರೆ ಯೂಸರ್ ಮಾಡಬಹುದು. ಐಪ್ಯಾಡ್ ಚೆನ್ನಾಗಿದೆ, ಬಹಳ ವರ್ಷ ಬಾಳುತ್ತದೆ, ಆದರೆ ಮನೆಯಲ್ಲಿ ಬಳಸುವಾಗ ಆ ಸೌಲಭ್ಯ ಇಲ್ಲ. ನಿಮ್ಮ ಬ್ಯಾಂಕ್ ಕಾರ್ಡ್ ಆ ಟ್ಯಾಬಿನ ಪ್ಲೇ ಸ್ಟೋರಿನಲ್ಲಿ ಹಾಕಬೇಡಿ. ಹಾಕಿದ್ದರೆ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಿ. ಗೇಮಿನ ವಜ್ರಗಳಿಗೆ ನನ್ನ ಮಗ 1,400 ಖರ್ಚು ಮಾಡಿದ್ದು ಇನ್ನೊಂದು ಕತೆ.

ಊರಲ್ಲಿರುವ ಅತ್ತೆಗೆ ಡೇಟಾ ಪ್ಲಾನ್ ಹಾಕಿಸುತ್ತೇನೆ ಅಂತಲೂ ಬರೆದಿದ್ದಿರಿ. ಅವರದು ಬರೀ ಮಾತಿನ ಫೋನು ಅಲ್ವಾ? 2025ರ ಜನವರಿಯಿಂದ ಟೆಲಿಕಾಂ ನಿಯಂತ್ರಕ ಟ್ರಾಯ್ ಹೇಳಿದ ಮೇಲೆ ಕಾಲ್, ಎಸ್‌ಎಂಎಸ್ ಮಾತ್ರ ಇರುವ ಪ್ಲಾನುಗಳು ಬಂದಿವೆ, ಅದನ್ನೇ ಕೇಳಿ ಹಾಕಿಸಿ. ಆ್ಯಪಿನಲ್ಲಿ ಅದು ಕೆಳಗೆಲ್ಲೋ ಇರುತ್ತದೆ, ಹುಡುಕಬೇಕು.

ಇನ್ನು 3,500. ಬ್ಯಾಟರಿ ಚೆನ್ನಾಗಿದ್ದರೆ ಕೊಡಬೇಡಿ ಅನ್ನುತ್ತೇನೆ. ಅದೇ ಫೋನನ್ನು ರೀಸೆಟ್ ಮಾಡಿ, ಸಿಮ್ ಇಲ್ಲದೆ, ಅಡುಗೆಮನೆಯಲ್ಲಿ ಹಾಡು ಕೇಳೋಕೆ ಇಡಿ. ನಮ್ಮಲ್ಲಿ ಒಂದು ಕುಕ್ಕರ್ ಪಕ್ಕ ಇದೆ, ಪರದೆಗೆ ಒಗ್ಗರಣೆ ಸಿಡಿದು ಕಲೆಯಾಗಿದೆ, ಇನ್ನೂ ಹಾಡುತ್ತದೆ. ಬೋನಸ್ ಸೇರಿ 6,000 ದಾಟಿದರೆ ಮಾತ್ರ ಕೊಡಿ. ಮೆಮೊರಿ ಕಾರ್ಡ್ ತೆಗೆದಿರಾ ಅಂತ ನಾಳೆ ಸಂಜೆ ಕೇಳುತ್ತೇನೆ.